ಹಸಿರು ಪ್ರಶ್ನೋತ್ತರ: ಬುಡಕ್ಕೆ ಸಿಮೆಂಟು, ತುದಿಗೆ ಔಷಧಿ

ನಗರದ ಮರಗಳು ಮತ್ತು ಪಾರ್ಕುಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ‘ಯಾವ ಗಿಡ ನೆಡೋಣ?’ ಎಂಬವು. ಅವನ್ನು ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇನೆ. ಪಾರ್ಕುಗಳ ಉಸ್ತುವಾರಿಯಲ್ಲೇ ನೌಕರಿ ಸವೆಸಿದವನಿಗೆ ನೆಟ್ಟದ್ದರ ಲೆಕ್ಕಕ್ಕಿಂತ ಉಳಿದದ್ದರ ಲೆಕ್ಕ ದೊಡ್ಡದು. ಇರುವ ಹಸಿರನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಕೇಳಿದವರಿಗೆ ಈ ಸಲ ಮೊದಲ ಮಣೆ.

ನಮ್ಮ ಬೀದಿಯ ದೊಡ್ಡ ಮರ ತುದಿಯಿಂದ ಒಣಗುತ್ತಾ ಬರುತ್ತಿದೆ. ಎರಡು ವರ್ಷದ ಹಿಂದೆ ರಸ್ತೆ ಬದಿಗೆಲ್ಲ ಹೊಸ ಕಲ್ಲು ಹಾಸಿದ ಮೇಲೆ ಬೀದಿ ಚೊಕ್ಕಟವಾಗಿದೆ, ಆದರೆ ಮರಕ್ಕೆ ಏನೋ ರೋಗ ಬಡಿದಿದೆ. ಬೊಡ್ಡೆಯಲ್ಲಿ ಹುಳುವಿನ ತೂತುಗಳಿವೆ. ಯಾವ ಔಷಧಿ ಹೊಡೆಸಬೇಕು?
— ಬಡಾವಣೆಯೊಂದರ ನಿವಾಸಿಗಳ ಸಂಘದ ಕಾರ್ಯದರ್ಶಿ

ಔಷಧಿ ಬೇಡ ಸ್ವಾಮಿ. ಕಾರಣವನ್ನು ನೀವೇ ಬರೆದಿದ್ದೀರಿ, ಎರಡನೇ ವಾಕ್ಯದಲ್ಲಿ.

ಮರದ ಬೇರು ಪಾತಾಳಕ್ಕೆ ಇಳಿದಿರುತ್ತದೆ, ಮೇಲೆ ನಾವು ಏನು ಮಾಡಿದರೂ ಅದಕ್ಕೆ ತಾಗುವುದಿಲ್ಲ ಎಂದೇ ಬಹಳ ಜನ ತಿಳಿದಿದ್ದಾರೆ. ನೀರು, ಗೊಬ್ಬರ ಎಳೆಯುವ ಸಣ್ಣ ಹೀರುಬೇರುಗಳ ಬಹುಪಾಲು ಇರುವುದು ಮೇಲಿನ 60 ಸೆಂಟಿಮೀಟರ್ ಮಣ್ಣಿನಲ್ಲೇ. ಅಡ್ಡಕ್ಕೆ ಮಾತ್ರ ಅವು ಕೊಂಬೆಗಳ ಹರವನ್ನೂ ದಾಟಿ ಹೋಗಿರುತ್ತವೆ. ಬೇರಿಗೂ ಉಸಿರಾಟ ಇದೆ. ಮಣ್ಣಿನ ಕಣಗಳ ನಡುವಿನ ಸಂದಿಯಲ್ಲಿ ಗಾಳಿ ಇರಬೇಕು, ಮಳೆ ನೀರು ಇಳಿಯಬೇಕು. ಕಲ್ಲು ಹಾಸುವವರು ಮೊದಲು ಒಂದಡಿ ಮಣ್ಣು ಕೆರೆದು ತೆಗೆಯುತ್ತಾರೆ. ಹೀರುಬೇರುಗಳ ದೊಡ್ಡ ಪಾಲು ಆಗಲೇ ಹೋಯಿತು. ಆಮೇಲೆ ಜಲ್ಲಿ ಸುರಿದು ರೋಲರ್ ಓಡಿಸಿ ಗಟ್ಟಿ ಮಾಡುತ್ತಾರೆ, ಉಳಿದ ಸಂದಿಯೂ ಮುಚ್ಚುತ್ತದೆ. ಕೊನೆಗೆ ಅಂದಕ್ಕೆಂದು ಬೊಡ್ಡೆಯ ಸುತ್ತ ಕೊರಳುಪಟ್ಟಿಯ ಹಾಗೆ ಸಿಮೆಂಟು ಕಟ್ಟುತ್ತಾರೆ.

ಹೀಗಾದ ಮರ ಮರುದಿನವೇ ಸಾಯುವುದಿಲ್ಲ, ತೊಡಕಿರುವುದು ಇಲ್ಲೇ. ಕಾಂಡದಲ್ಲೂ ಉಳಿದ ದಪ್ಪ ಬೇರುಗಳಲ್ಲೂ ಕೂಡಿಟ್ಟ ಆಹಾರವಿರುತ್ತದೆ. ಅದನ್ನು ಖರ್ಚು ಮಾಡುತ್ತಾ ಎರಡು ವರ್ಷ, ಮೂರು ವರ್ಷ, ಕೆಲವೊಮ್ಮೆ ಐದು ವರ್ಷ ನಿಂತಿರುತ್ತದೆ. ಮೊದಲು ಎಲೆ ಚಿಕ್ಕದಾಗುತ್ತದೆ, ಆಮೇಲೆ ನೆತ್ತಿಯ ಕೊಂಬೆ ಒಣಗುತ್ತದೆ. ಸೋತ ಮರವನ್ನು ಹುಡುಕಿಕೊಂಡು ಕಾಂಡ ಕೊರೆಯುವ ಹುಳು ಬರುತ್ತದೆ. ಅಷ್ಟರಲ್ಲಿ ಕಾಮಗಾರಿಯ ಬಿಲ್ ಪಾಸಾಗಿ, ಗುತ್ತಿಗೆದಾರ ಬೇರೆ ವಾರ್ಡಿಗೆ ಹೋಗಿ, ದೂರೆಲ್ಲ ಹುಳುವಿನ ತಲೆಗೆ ಬರುತ್ತದೆ.

ಈಗ ಮಾಡಬೇಕಾದದ್ದು: ಬೊಡ್ಡೆಯ ಸುತ್ತ ಎಷ್ಟು ಅಗಲ ಸಾಧ್ಯವೋ ಅಷ್ಟು ಕಲ್ಲು ಎಬ್ಬಿಸಿ. ಹಾರೆ, ಸುತ್ತಿಗೆ ಸಾಕು. ಜೆಸಿಬಿ ಹತ್ತಿರ ಸುಳಿಯುವುದು ಬೇಡ. ಮಣ್ಣು ಎಷ್ಟು ಗಟ್ಟಿಯಾಗಿದೆ ಎಂದು ನೋಡಲು ನಾನು ಹೆಬ್ಬೆರಳು ಗಾತ್ರದ ಕಬ್ಬಿಣದ ಸಲಾಕೆ ಇಟ್ಟುಕೊಂಡಿದ್ದೇನೆ. ನೆಲ ಒದ್ದೆ ಇರುವಾಗ ಎರಡು ಕೈಯಲ್ಲಿ ಒತ್ತಿದರೆ ಒಳ್ಳೆಯ ಮಣ್ಣಿನಲ್ಲಿ ಮೊಣಕಾಲುದ್ದ ಇಳಿಯುತ್ತದೆ, ಕಲ್ಲುಹಾಸಿನ ಅಡಿಯ ಮಣ್ಣಿನಲ್ಲಿ ಗೇಣುದ್ದವೂ ಇಳಿಯುವುದಿಲ್ಲ. ಬೇರು ತಪ್ಪಿಸಿ ಅಲ್ಲಲ್ಲಿ ಸಲಾಕೆಯಿಂದಲೇ ತೂತು ಮಾಡಿ ಕಳಿತ ಎಲೆಗೊಬ್ಬರ ತುಂಬಿ. ಮೇಲೆ ನಾಲ್ಕು ಬೆರಳು ದಪ್ಪ ಒಣ ಎಲೆಯ ಹೊದಿಕೆ ಹಾಕಿ, ಅದು ಬೊಡ್ಡೆಗೆ ತಾಗದಿರಲಿ. ನೀರನ್ನು ಬೊಡ್ಡೆಗೆ ಸುರಿಯದೆ ಕೊಂಬೆಗಳ ನೆರಳಿನ ಅಂಚಿನಲ್ಲಿ ನಿಧಾನ ಬಿಡಿ. ರಾಸಾಯನಿಕ ಗೊಬ್ಬರ ಹಾಕಿ ಸೋತ ಮರವನ್ನು ಓಡಿಸಲು ಹೋಗಬೇಡಿ. ಒಂದೇ ಮಗ್ಗುಲಿನ ದಪ್ಪ ಬೇರುಗಳನ್ನು ಕಡಿದಿದ್ದಾರೆಯೇ ಎಂಬುದನ್ನು ತಿಳಿದವರಿಂದ ನೋಡಿಸಿ, ಇದು ತಪ್ಪಬಾರದು. ಹಾಗಾಗಿದ್ದರೆ ಗಾಳಿಮಳೆಗೆ ಮರ ಮಗುಚುವ ಭಯವಿದೆ, ಆಗ ಉಳಿಸುವ ಮಾತಿಗಿಂತ ಕೆಳಗೆ ಓಡಾಡುವವರ ಮಾತು ಮೊದಲು.

ಮುಂದಿನ ಬೀದಿಯಲ್ಲಿ ಕೆಲಸ ಶುರುವಾಗುವ ಮುಂಚೆ ಈ ಲೆಕ್ಕ ಜೇಬಿನಲ್ಲಿರಲಿ. ಬ್ರಿಟನ್ನಿನ ಕಟ್ಟಡ ಕಾಮಗಾರಿ ಮಾನದಂಡದ ಪ್ರಕಾರ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಾಂಡದ ಅಡ್ಡಗಲ ಎಷ್ಟಿದೆಯೋ ಅದರ 12 ಪಟ್ಟು ದೂರದವರೆಗಿನ ನೆಲ ಬೇರಿನದು. ಅರ್ಧ ಮೀಟರ್ ಕಾಂಡಕ್ಕೆ ಸುತ್ತಲೂ ಆರು ಮೀಟರ್. ನಗರದಲ್ಲಿ ಆರು ಮೀಟರ್ ಎಲ್ಲಿಂದ ತರೋಣ ಎನ್ನುತ್ತೀರಿ, ನಿಜ. ಪೂರ್ತಿ ಬಿಡಲಾಗದಿದ್ದರೂ ಆ ವೃತ್ತದೊಳಗೆ ಯಂತ್ರ ಬಾರದಿರಲಿ, ಕೈಯಿಂದ ಅಗೆಯಲಿ, ಎರಡು ಬೆರಳು ದಪ್ಪದ ಬೇರು ಸಿಕ್ಕರೆ ಕೊಳವೆ ಅದರ ಅಡಿಯಿಂದ ನುಸುಳಲಿ. ಟೆಂಡರ್ ಕಾಗದದಲ್ಲೇ ಈ ಮಾತು ಬರೆಸಬೇಕು. ಕೆಲಸದ ದಿನ ಬಂದು ಕೂಗಾಡಿದರೆ ಕೂಲಿಯವನು ಪಾಪ ಏನು ಮಾಡಿಯಾನು!

ನನಗೆ ಎಪ್ಪತ್ತು ದಾಟಿದೆ. ಬೇರು ಎಬ್ಬಿಸಿದ ಕಲ್ಲಿಗೆ ಎಡವಿ ಬಿದ್ದು ಕೈ ಮುರಿದುಕೊಂಡೆ. ಆ ಮರ ಕಡಿಸಿ ಎಂದರೆ ನನ್ನನ್ನು ರಾಕ್ಷಸಿಯಂತೆ ನೋಡುತ್ತಾರೆ. ಮನುಷ್ಯರಿಗಿಂತ ಮರ ಹೆಚ್ಚೇ?
— ನಿವೃತ್ತ ಶಿಕ್ಷಕಿ

ಅಮ್ಮಾ, ನಿಮ್ಮ ಸಿಟ್ಟು ನ್ಯಾಯವಾದದ್ದು. ನಡೆಯಲಾಗದ ಕಾಲುದಾರಿ ಕೊಟ್ಟು ‘ಪರಿಸರ ಉಳಿಸಿ’ ಎನ್ನುವುದು ಸರಿಯಲ್ಲ. ಆದರೆ ಆ ಕಲ್ಲನ್ನು ಎಬ್ಬಿಸಿದ್ದು ಅರ್ಧ ಬೇರು, ಅರ್ಧ ನಾವು. ಅಡಿಯ ಮಣ್ಣು ಕಲ್ಲಿನಷ್ಟು ಗಟ್ಟಿ. ತೇವವೂ ಗಾಳಿಯೂ ಸಿಗುವ ಒಂದೇ ಜಾಗ ಹಾಸುಗಲ್ಲಿನ ಕೆಳಗಿನ ಮರಳಿನ ಪದರ. ಬೇರು ಅಲ್ಲಿಗೇ ಹೋಗಿ ದಪ್ಪವಾಗುತ್ತದೆ.

ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಇದೇ ಜಗಳ ನಡೆಯಿತು. 2012ರಲ್ಲಿ ರಸ್ತೆ ದುರಸ್ತಿಯ ದೀರ್ಘಾವಧಿ ಗುತ್ತಿಗೆಯೊಳಗೆ 17,500 ಬೀದಿಮರಗಳನ್ನು ಬದಲಿಸುವ ಅಂಶವೂ ಸೇರಿಕೊಂಡಿತು. ಕಾಲುದಾರಿ ಎಬ್ಬಿಸಿದವು ಎಂಬ ಕಾರಣಕ್ಕೆ ಗಟ್ಟಿಮುಟ್ಟಾದ ಮರಗಳೂ ಉರುಳಿದವು. ಜನ ಮರದಡಿ ನಿಂತರು, ಬಂಧನಗಳಾದವು. ಸಾವಿರಾರು ಮರ ಹೋದ ಮೇಲೆ 2018ರಲ್ಲಿ ಕಡಿಯುವುದು ನಿಂತಿತು. ನಂತರ ಅದೇ ನಗರದಲ್ಲಿ, ಕಡಿಯಲೇಬೇಕೆಂದು ಗುರುತಿಸಿದ್ದ ಎಷ್ಟೋ ಮರಗಳನ್ನು ಉಳಿಸಿಕೊಂಡೇ ಕಾಲುದಾರಿ ಸರಿಪಡಿಸಿದರು.

ಆಗುವಂಥದ್ದೇ ಅದು. ಎದ್ದ ಕಲ್ಲು ತೆಗೆದು, ಬೇರಿನ ಮೇಲೆ ಸಣ್ಣ ಇಳಿಜಾರಿನಲ್ಲಿ ದಾರಿ ಏರಿಸಬಹುದು. ಬೊಡ್ಡೆಯ ಹತ್ತಿರ ಕಲ್ಲಿನ ಬದಲು ನೀರು ಇಂಗುವ, ಸ್ವಲ್ಪ ಬಳುಕುವ ಹಾಸು ಹಾಕಬಹುದು. ಜಾಗವಿದ್ದರೆ ದಾರಿಯನ್ನೇ ಒಂದು ಹೆಜ್ಜೆ ಆಚೆ ಬಾಗಿಸಬಹುದು. ಹೊಸ ರಸ್ತೆಯಾದರೆ ಇನ್ನೂ ಒಳ್ಳೆಯ ಉಪಾಯವಿದೆ: ದಪ್ಪ ಜಲ್ಲಿಯೊಳಗೆ ಮಣ್ಣು ಬೆರೆಸಿ ತುಂಬುವುದು. ಭಾರವನ್ನು ಜಲ್ಲಿ ಹೊರುತ್ತದೆ, ಸಂದಿಯ ಮಣ್ಣಿನಲ್ಲಿ ಬೇರು ಓಡಾಡುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಇದನ್ನು ರೂಪಿಸಿದರು, ಸ್ಟಾಕ್‌ಹೋಮ್ ನಗರ ತನ್ನದೇ ರೀತಿಯಲ್ಲಿ ಬಳಸುತ್ತಿದೆ. ನಿಮ್ಮ ಅರ್ಜಿಯಲ್ಲಿ ‘ಮರ ಕಡಿಸಿ’ ಎಂಬುದನ್ನು ಹೊಡೆದು ‘ದಾರಿ ಸರಿಪಡಿಸಿ’ ಎಂದು ಬರೆಯಿರಿ. ನಿಮ್ಮನ್ನು ಬೈದವರಿಂದಲೇ ಅದಕ್ಕೆ ಸಹಿ ಹಾಕಿಸಿಕೊಳ್ಳಿ!

ಒಂದು ಮರ ಇಷ್ಟು ಎಸಿಗೆ ಸಮ ಎನ್ನುವ ಸಂದೇಶಗಳು ದಿನವೂ ಮೊಬೈಲಿಗೆ ಬರುತ್ತವೆ. ಎಷ್ಟು ನಿಜ?
— ಎಂಜಿನಿಯರಿಂಗ್ ವಿದ್ಯಾರ್ಥಿ

ಎಂಜಿನಿಯರಿಂಗ್ ಓದುತ್ತಿದ್ದೀರಲ್ಲ, ಲೆಕ್ಕ ಹಾಕೋಣ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.67 ಯೂನಿಟ್ (ಕರೆಂಟ್ ಬಿಲ್ಲಿನದೇ ಯೂನಿಟ್) ಶಾಖ ಬೇಕು. ಎಲೆಗಳ ಮೂಲಕ ದಿನಕ್ಕೆ 100 ಲೀಟರ್ ನೀರು ಹೋಯಿತೆನ್ನಿ, 67 ಯೂನಿಟ್. ಒಂದೂವರೆ ಟನ್ನಿನ ಎಸಿ ಗಂಟೆಗೆ ಹೊರಹಾಕುವ ಶಾಖ ಸುಮಾರು 5.3 ಯೂನಿಟ್. ಹಾಗಾದರೆ ಆ ಮರ 13 ಗಂಟೆಯ ಎಸಿಗೆ ಸಮ. ಎಸಿ ಒಳಗಿನ ಸೆಕೆಯನ್ನು ಬೀದಿಗೆ ತಳ್ಳಿ, ತನ್ನ ಕರೆಂಟಿನ ಶಾಖವನ್ನೂ ಅದಕ್ಕೆ ಸೇರಿಸುತ್ತದೆ. ಮರಕ್ಕೆ ಆ ಕೆಟ್ಟ ಬುದ್ಧಿ ಇಲ್ಲ.

ಸಂದೇಶದಲ್ಲಿ ಬರೆಯದ ಷರತ್ತು ಒಂದಿದೆ. ಆ 100 ಲೀಟರ್ ನೀರು ಮಣ್ಣಿನಲ್ಲಿ ಇರಬೇಕು. ಬೇರಿಗೆ ನೀರು ಸಿಗದಿದ್ದರೆ ಎಲೆ ತನ್ನ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ; ನೆರಳು ಉಳಿಯುತ್ತದೆ, ಆವಿಯ ತಂಪು ನಿಲ್ಲುತ್ತದೆ. ಅಂದರೆ ಸೆಕೆ ಅತಿ ಹೆಚ್ಚಿರುವ, ನೀರು ಅತಿ ಕಡಿಮೆ ಇರುವ ದಿನಗಳಲ್ಲೇ ಈ ಯಂತ್ರ ಕೈಕೊಡುತ್ತದೆ. ಕುಡಿಯುವ ನೀರಿಗೆ ಜನ ಸಾಲು ನಿಂತಿರುವಾಗ ಮರಕ್ಕೆ ಕೊಡಿ ಎನ್ನಲು ನನಗೂ ಬಾಯಿ ಬರುವುದಿಲ್ಲ. ಮಳೆ ನೀರನ್ನು ಚರಂಡಿಗೆ ಓಡಿಸುವ ಬದಲು ಬುಡಗಳಲ್ಲಿ ಇಂಗಿಸುವುದು, ಕೊಳಚೆ ಸಂಸ್ಕರಣಾ ಘಟಕದ ನೀರನ್ನು ಪಾರ್ಕುಗಳಿಗೆ ತರುವುದು, ಈ ಎರಡು ಬಿಟ್ಟು ಬೆಳೆಯುವ ನಗರಕ್ಕೆ ಬೇರೆ ದಾರಿ ನನಗಂತೂ ಕಂಡಿಲ್ಲ. ಕೊಳವೆಬಾವಿಯಿಂದ ನೀರೆತ್ತಿ ಹುಲ್ಲುಹಾಸು ಸಾಕುವುದನ್ನು ಮಾತ್ರ ಯಾರೂ ಹಸಿರು ಎನ್ನಬಾರದು.

ಬೊಡ್ಡೆಗೆ ಮೊಳೆ ಹೊಡೆದರೆ ಮರಕ್ಕೆ ನೋವಾಗುತ್ತದೆಯೇ?
— ಏಳನೇ ತರಗತಿ ಓದುಗ

ನೋವಿನ ಮಾತು ಬಿಡು ಪುಟ್ಟಾ, ಗಾಯವಂತೂ ಆಗುತ್ತದೆ. ನಿನ್ನ ಮೊಣಕಾಲು ತರಚಿದರೆ ಹೊಸ ಚರ್ಮ ಬರುತ್ತದೆ. ಮರ ಕೆಟ್ಟ ಭಾಗವನ್ನು ಸರಿಮಾಡುವುದಿಲ್ಲ, ಅದರ ಸುತ್ತ ಗೋಡೆ ಕಟ್ಟಿ ಮುಚ್ಚಿಡುತ್ತದೆ. ಹತ್ತಾರು ಮೊಳೆಗೆ ಹತ್ತಾರು ಗೋಡೆ. ಆ ಶಕ್ತಿ ಬೆಳೆಯಲು ಬೇಕಾಗಿತ್ತು.

ಪ್ರತಿ ವರ್ಷ ಸಾವಿರಗಟ್ಟಲೆ ಸಸಿ ನೆಟ್ಟೆವು ಎನ್ನುತ್ತಾರೆ. ಅಷ್ಟೂ ಬದುಕಿದ್ದರೆ ಊರು ಕಾಡಾಗಬೇಕಿತ್ತು. ಎಲ್ಲಿ ಹೋದವು?
— ಬ್ಯಾಂಕ್ ನೌಕರ

ಬ್ಯಾಂಕಿನವರಿಗೆ ಬೇಗ ಅರ್ಥವಾಗುತ್ತದೆ: ಇಲ್ಲಿ ಠೇವಣಿ ಮಾತ್ರ ದಾಖಲಾಗುತ್ತದೆ, ಬಾಕಿ ಯಾರೂ ನೋಡುವುದಿಲ್ಲ. ನೆಡುವುದಕ್ಕೆ ಒಂದು ದಿನ, ಒಂದು ಫೋಟೋ, ಒಂದು ಅಂಕಿ. ಸಸಿ ಬೇರೂರಲು ಎರಡು ಮೂರು ಬೇಸಿಗೆ ನೀರು ಬೇಕು. ಆ ನೀರಿಗೆ, ಬೇಲಿಗೆ, ಕಳೆ ಕೀಳುವ ಕೈಗೆ ಬಜೆಟ್‌ನಲ್ಲಿ ಸಾಲು ಇರುವುದಿಲ್ಲ, ಇದ್ದರೂ ಮೊದಲು ಕತ್ತರಿ ಬೀಳುವುದು ಅದಕ್ಕೇ.

ಇನ್ನೊಂದು ಕಾರಣ ನೆಟ್ಟ ದಿನವೇ ಗುಂಡಿಯೊಳಗೆ ಕೂತಿರುತ್ತದೆ. ನರ್ಸರಿಯ ಪ್ಲಾಸ್ಟಿಕ್ ಚೀಲದಲ್ಲಿ ಬಹಳ ದಿನ ಇದ್ದ ಸಸಿಯ ಬೇರು ಹೊರದಾರಿ ಕಾಣದೆ ಚೀಲದ ಗೋಡೆ ಹಿಡಿದು ಸುತ್ತು ಹೊಡೆಯುತ್ತದೆ. ಚೀಲ ಹರಿದಾಗ ಮಣ್ಣಿಗಿಂತ ಬಿಳಿ ಬೇರಿನ ಸಿಂಬಿಯೇ ಹೆಚ್ಚು ಕಾಣುತ್ತದೆ. ಅದನ್ನು ಬಿಡಿಸದೆ ಹಾಗೇ ಹೂತರೆ ನೆಲದಲ್ಲೂ ಅದು ಸುತ್ತುತ್ತಲೇ ಇರುತ್ತದೆ. ಮೇಲೆ ಗಿಡ ದಪ್ಪಗಾದಂತೆ ಕೆಳಗೆ ತನ್ನದೇ ಬೇರು ತನ್ನ ಬುಡವನ್ನು ಬಿಗಿಯುತ್ತದೆ. ಕೆಲವು ವರ್ಷದ ನಂತರ ಗಾಳಿಗೆ ಬಿದ್ದಾಗ ‘ಈ ಜಾತಿ ಗಟ್ಟಿಯಿಲ್ಲ’ ಎಂದು ತೀರ್ಪು. ಸುರುಳಿ ಬೇರನ್ನು ಬಿಡಿಸಿ, ಬಿಡಿಸಲಾಗದ್ದನ್ನು ಕತ್ತರಿಸಿ ನೆಡಬೇಕು. ಇದು ಒಂದು ಸಸಿಗೆ ಕೆಲವು ನಿಮಿಷದ ಕೆಲಸ. ಭಾಷಣ ಮುಗಿಯುವುದರೊಳಗೆ ನೂರು ಸಸಿ ಆಗಬೇಕಾದ ಕಡೆ ಅಷ್ಟು ನಿಮಿಷ ಎಲ್ಲಿಂದ ಬರಬೇಕು?

ರಸ್ತೆಯುದ್ದಕ್ಕೂ ಒಂದೇ ಜಾತಿಯ ಹೂಮರ ಇದ್ದರೆ ಎಷ್ಟು ಚೆಂದ. ನೀವು ಯಾಕೆ ಯಾವಾಗಲೂ ವಿರೋಧಿಸುತ್ತೀರಿ?
— ಗೃಹಿಣಿ

ಚೆಂದವೇ, ಅದಕ್ಕೆ ಬರುವ ಕೀಟ ಇನ್ನೂ ಬರದಿರುವವರೆಗೆ. ಅಮೆರಿಕದ ಊರೂರಿನ ಬೀದಿಗಳಲ್ಲಿ ಆ್ಯಶ್ ಮರಗಳನ್ನು ಸಾಲುಸಾಲಾಗಿ ಬೆಳೆಸಿದ್ದರು. ಏಷ್ಯಾದಿಂದ ಹೋದ ಹಸಿರು ಜೀರುಂಡೆಯೊಂದು 2002ರಲ್ಲಿ ಡೆಟ್ರಾಯಿಟ್ ಬಳಿ ಕಣ್ಣಿಗೆ ಬಿತ್ತು. ಅಲ್ಲಿಂದಾಚೆ ಸತ್ತ ಆ್ಯಶ್ ಮರಗಳು ಕೋಟಿಗಟ್ಟಲೆ. ಕೆಲವು ಬೀದಿಗಳು ನಾಲ್ಕಾರು ವರ್ಷದಲ್ಲಿ ಬೋಳಾದವು. ಫ್ರಾಂಕ್ ಸಾಂಟಮೋರ್ ಎಂಬ ಸಸ್ಯವಿಜ್ಞಾನಿ 1990ರಲ್ಲೇ ಒಂದು ಅಂದಾಜು ಸೂತ್ರ ಕೊಟ್ಟಿದ್ದರು: ನಗರದ ಮರಗಳಲ್ಲಿ ಒಂದೇ ಪ್ರಭೇದ ಶೇ 10, ಒಂದೇ ಕುಲ (ಹತ್ತಿರದ ಪ್ರಭೇದಗಳ ಗುಂಪು) ಶೇ 20, ಒಂದೇ ಕುಟುಂಬ (ಹತ್ತಿರದ ಕುಲಗಳ ಗುಂಪು) ಶೇ 30 ಮೀರಬಾರದು. ಒಂದು ಬೀದಿ ಒಂದೇ ಬಣ್ಣದಲ್ಲಿರಲಿ ಬಿಡಿ, ಪಕ್ಕದ ಬೀದಿ ಬೇರೆ ಆಗಿದ್ದರೆ ನನ್ನ ತಕರಾರಿಲ್ಲ.

ನಮ್ಮ ಪಾರ್ಕ್‌ನಲ್ಲಿ ಮೊದಲು ನೀರಿನ ಟ್ಯಾಂಕ್ ಬಂತು, ಆಮೇಲೆ ಸಭಾಂಗಣ, ಈಗ ವಾಹನ ನಿಲುಗಡೆ. ಪ್ರತಿ ಸಲವೂ ‘ಒಂದು ಮೂಲೆ ಮಾತ್ರ’ ಎನ್ನುತ್ತಾರೆ. ಎಲ್ಲವೂ ಜನೋಪಯೋಗಿಯೇ, ಹೇಗೆ ಬೇಡ ಎನ್ನುವುದು?
— ಪಾರ್ಕ್‌ನಲ್ಲಿ ದಿನಾ ವಾಕಿಂಗ್ ಮಾಡುವವರು

ಇಡೀ ಪಾರ್ಕ್ ನುಂಗಲು ಹೊರಟವರನ್ನು ತಡೆಯುವುದು ಸುಲಭ, ಊರೇ ಎದ್ದು ನಿಲ್ಲುತ್ತದೆ. ಮೂಲೆ ಮೂಲೆಯಾಗಿ ತಿನ್ನುವವರ ಎದುರು ಯಾರೂ ಏಳುವುದಿಲ್ಲ. ನನ್ನ ನೌಕರಿಯಲ್ಲಿ ಪಾರ್ಕ್ ಸೊರಗಿದ್ದನ್ನು ನೋಡಿದ್ದೆಲ್ಲ ಈ ಬಗೆಯಲ್ಲೇ. ಅದರಲ್ಲೂ ಕಾಂಕ್ರೀಟಿನ ಮಂಟಪ, ಬಣ್ಣದ ಕಾರಂಜಿ ಎಂದರೆ ನನಗೆ ಮೈ ಉರಿಯುತ್ತದೆ. ಕಟ್ಟುವುದಕ್ಕೆ ಹಣ ಬರುತ್ತದೆ, ಮಾಲಿಯ ಸಂಬಳಕ್ಕೆ ಬರುವುದಿಲ್ಲ.

ಬರ್ಲಿನ್ನಿನ ಟೆಂಪೆಲ್‌ಹೋಫ್ ವಿಮಾನ ನಿಲ್ದಾಣ 2008ರಲ್ಲಿ ಮುಚ್ಚಿ, 2010ರಲ್ಲಿ ಅದರ 300 ಹೆಕ್ಟೇರಿನಷ್ಟು ಬಯಲು ಜನರಿಗೆ ತೆರೆಯಿತು. ಅಂಚಿನಲ್ಲಿ ಮಾತ್ರ ಮನೆ ಕಟ್ಟುತ್ತೇವೆ ಎಂದಿತು ಆಡಳಿತ. 2014ರ ಜನಮತಗಣನೆಯಲ್ಲಿ ಬಹುಮತ ‘ಅಂಚೂ ಬೇಡ’ ಎಂದಿತು. ಆ ನಗರದಲ್ಲಿ ಮನೆಗಳ ಕೊರತೆ ನಿಜವಾದದ್ದೇ, ಆದ್ದರಿಂದ ವಾದ ಇನ್ನೂ ಮುಗಿದಿಲ್ಲ. ಮನೆ ಇಲ್ಲದವರ ಎದುರು ಹುಲ್ಲುಗಾವಲು ಕಾಯುವುದು ಸಣ್ಣ ನೈತಿಕ ತೊಡಕಲ್ಲ, ನಾನೂ ಒಪ್ಪುತ್ತೇನೆ. ಆದರೆ ನಿಮ್ಮಲ್ಲಿ ಕೇಳುತ್ತಿರುವುದು ಕಾರುಗಳಿಗೆ ಜಾಗ, ಅಷ್ಟು ಯೋಚಿಸಬೇಕಾಗಿಲ್ಲ.

ಮೊದಲು ಪಾರ್ಕಿನ ಮೂಲ ನಕ್ಷೆ ಮತ್ತು ವಿಸ್ತೀರ್ಣದ ದಾಖಲೆ ತೆಗೆಸಿ. ಈವರೆಗೆ ಎಷ್ಟು ಚದರ ಮೀಟರ್ ಕಾಂಕ್ರೀಟಿನಡಿ ಹೋಗಿದೆ ಎಂದು ಅಳೆದು, ದೊಡ್ಡ ಹಲಗೆಯ ಮೇಲೆ ಬರೆದು ಗೇಟಿನ ಒಳಗೆ ನಿಲ್ಲಿಸಿ. ಮುಂದಿನ ‘ಒಂದು ಮೂಲೆ’ಯ ಪ್ರಸ್ತಾಪ ಬಂದಾಗ ಚರ್ಚೆ ಆ ಮೂಲೆಯಿಂದ ಶುರುವಾಗುವುದಿಲ್ಲ, ಹಲಗೆಯ ಒಟ್ಟು ಮೊತ್ತದಿಂದ ಶುರುವಾಗುತ್ತದೆ. ಬದಲಿ ಜಾಗ ಕೊಡುತ್ತೇವೆ ಎಂದರೆ ಆ ಜಾಗದಲ್ಲಿ ಮರ ಬೆಳೆದ ಮೇಲೆ ಇಲ್ಲಿ ಅಗೆಯಿರಿ ಎನ್ನಿ.

ಪಾರ್ಕ್ ನಿರ್ವಹಣೆಯನ್ನು ಖಾಸಗಿಯವರಿಗೆ ದತ್ತು ಕೊಟ್ಟರೆ ತಪ್ಪೇನು?
— ಸಣ್ಣ ಉದ್ಯಮಿ

ತಪ್ಪೆಂದು ಹೇಳಲಾರೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ 1970ರ ದಶಕದಲ್ಲಿ ಹಾಳುಬಿದ್ದಿತ್ತು. ನಗರದ ಬೊಕ್ಕಸ ಬರಿದಾಗಿತ್ತು. 1980ರಲ್ಲಿ ಹುಟ್ಟಿದ ಸೆಂಟ್ರಲ್ ಪಾರ್ಕ್ ಕನ್ಸರ್ವೆನ್ಸಿ ದೇಣಿಗೆ ಎತ್ತಿ ಅದನ್ನು ಎಬ್ಬಿಸಿ ನಿಲ್ಲಿಸಿತು, ಇವತ್ತಿಗೂ ಖರ್ಚಿನ ಬಹುಪಾಲು ಅದರದೇ. ಆದರೆ ಆ ಪಾರ್ಕಿನ ಸುತ್ತ ಇರುವವರು ಸಿರಿವಂತರು. ಅದೇ ನಗರದ ಬಡ ಬಡಾವಣೆಗಳ ಪುಟ್ಟ ಪಾರ್ಕಿಗೆ ಅಂಥ ದಾನಿಗಳು ಎಲ್ಲಿಂದ? ಹೀಗಾಗಿ ದತ್ತು ಕೊಡುವ ಊರು ಒಂದು ಪಾಲನ್ನು ಬಡ ವಾರ್ಡಿನ ಪಾರ್ಕುಗಳಿಗೆ ತೆಗೆದಿಡುವ ಷರತ್ತು ಹಾಕಬೇಕು. ಗೇಟಿಗೆ ಬೀಗ, ಪ್ರವೇಶ ಶುಲ್ಕ, ಆಟವಾಡುವ ಮಕ್ಕಳನ್ನು ಓಡಿಸುವ ಕಾವಲುಗಾರ, ಈ ಮೂರು ಒಪ್ಪಂದದಲ್ಲೇ ನಿಷಿದ್ಧವಾಗಿರಲಿ. ಫಲಕದಲ್ಲಿ ಹೆಸರು ಎಷ್ಟು ದೊಡ್ಡದಾಗಿ ಬೇಕಾದರೂ ಬರೆಸಿಕೊಳ್ಳಿ.

ಪಾರ್ಕ್‌ನಲ್ಲಿ ಉದುರಿದ ಎಲೆಗಳನ್ನು ಗುಡಿಸಿ ಸುಡುತ್ತಾರೆ.
— ಹಲವರು

ಬುಡಕ್ಕೆ ಬೀಳಬೇಕಾದ ಗೊಬ್ಬರ ಹೊಗೆಯಾಗಿ ನಿಮ್ಮ ಮೂಗಿಗೆ ಬರುತ್ತಿದೆ. ಒಂದು ಮೂಲೆಯಲ್ಲಿ ತಂತಿಜಾಲರಿಯ ಪಂಜರ ಮಾಡಿಸಿ, ಎಲೆ ತುಂಬಿ, ಆಗಾಗ ನೀರು ಚಿಮುಕಿಸಿದರೆ ಮುಗಿಯಿತು.

ಮಿಯಾವಾಕಿ ಕಾಡು ಬೆಳೆಸಿದರೆ ಕಡಿದ ಮರಗಳ ನಷ್ಟ ತುಂಬುತ್ತದೆಯೇ?
— ಕಾಲೇಜು ಉಪನ್ಯಾಸಕ

ಜಪಾನಿನ ಅಕಿರಾ ಮಿಯಾವಾಕಿ ಹೇಳಿಕೊಟ್ಟದ್ದು ಆಯಾ ನೆಲದ್ದೇ ಹಲವು ಜಾತಿಗಳನ್ನು ಚದರ ಮೀಟರಿಗೆ ಮೂರರಂತೆ ಒತ್ತಾಗಿ ನೆಟ್ಟು, ಮೊದಲ ಎರಡು ಮೂರು ವರ್ಷ ಕಳೆ ಕಿತ್ತು ಪೋಷಿಸುವ ಕ್ರಮ. ಹಾಳುಬಿದ್ದ ತುಂಡು ನೆಲಕ್ಕೆ ಬಹಳ ಒಳ್ಳೆಯದು, ಹಕ್ಕಿ ಚಿಟ್ಟೆಗಳಿಗೂ ಆಸರೆ. ಆದರೆ ಅದರೊಳಗೆ ಮಕ್ಕಳು ಆಡಲಾಗದು, ಬಸ್ಸಿಗೆ ಕಾಯುವವರಿಗೆ ಅದರ ನೆರಳು ಎಟುಕದು. ಹತ್ತು ಕಿಲೋಮೀಟರ್ ದೂರದ ಬೇಲಿಯೊಳಗೆ ನೆಟ್ಟ ಸಾವಿರ ಸಸಿ ನಿಮ್ಮ ಬೀದಿಯ ಒಂದು ಮರಕ್ಕೆ ಪರಿಹಾರವೆಂದು ಕಾಗದದಲ್ಲಿ ಮಾತ್ರ ಬರೆಯಬಹುದು. ಇಡೀ ನಗರದ ಹಸಿರಿಗೆ ಒಂದೇ ಸರಾಸರಿ ಲೆಕ್ಕ ಹೇಳುವವರಿಗೂ ಇದೇ ಮಾತು. ಸೆಸಿಲ್ ಕೊನೈನೆಂಡೈಕ್ ಎಂಬ ತಜ್ಞರು 2021ರಲ್ಲಿ ಮುಂದಿಟ್ಟ 3-30-300 ಸೂತ್ರ ನನಗೆ ಅದಕ್ಕೇ ಇಷ್ಟ: ಪ್ರತಿ ಮನೆಯಿಂದ ಮೂರು ಮರ ಕಾಣಬೇಕು, ಪ್ರತಿ ಬಡಾವಣೆಯ ಶೇ 30ರಷ್ಟು ನೆಲದ ಮೇಲೆ ಮರದ ಹರವು ಇರಬೇಕು, 300 ಮೀಟರಿನೊಳಗೆ ಪಾರ್ಕ್ ಸಿಗಬೇಕು. ಊರಾಚೆಯ ಗಾಲ್ಫ್ ಮೈದಾನ ತೋರಿಸಿ ಇದರಲ್ಲಿ ಪಾಸಾಗಲು ಬರುವುದಿಲ್ಲ.

ನನಗೆ ಅಧಿಕಾರವಿಲ್ಲ, ಹಣವಿಲ್ಲ, ಸಂಘಕಟ್ಟುವ ಚೈತನ್ಯವೂ ಇಲ್ಲ. ಆದರೂ ಏನಾದರೂ ಮಾಡಬೇಕು ಅನ್ನಿಸುತ್ತದೆ.
— ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವ ಯುವತಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ ತಾಯಿ. ಮೆಲ್ಬರ್ನ್ ನಗರ ತನ್ನ ಮರಗಳಿಗೆಲ್ಲ ಸಂಖ್ಯೆ ಕೊಟ್ಟು, 2013ರ ಹೊತ್ತಿಗೆ ಒಂದೊಂದಕ್ಕೂ ಇಮೇಲ್ ವಿಳಾಸ ಮಾಡಿತು, ಕೊಂಬೆ ಮುರಿದರೆ ಜನ ತಿಳಿಸಲಿ ಎಂದು. ಜನ ಮರಗಳಿಗೆ ಪ್ರೇಮಪತ್ರ ಬರೆದರು! ನಿಮ್ಮ ಬೀದಿಯ ಮರಗಳಿಗೆ ಸಂಖ್ಯೆ ಕೊಡಲು ಯಾರ ಅಪ್ಪಣೆಯೂ ಬೇಡ. ಒಂದೊಂದಕ್ಕೆ ಒಂದು ಪುಟ: ಜಾತಿ ಗೊತ್ತಿದ್ದರೆ ಹೆಸರು, ಎದೆಮಟ್ಟದಲ್ಲಿ ಕಾಂಡದ ಸುತ್ತಳತೆ, ಬುಡದಲ್ಲಿ ಬರಿ ಮಣ್ಣು ಎಷ್ಟು ಉಳಿದಿದೆ ಎಂಬ ಅಳತೆ, ಯಾವ ಕೊಂಬೆ ಒಣಗಿದೆ. ಆರು ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ನಿಂತು ಒಂದು ಫೋಟೋ, ದಿನಾಂಕ ಸಹಿತ. ಅಗೆತ ನಡೆದರೆ ಯಾವ ಮಗ್ಗುಲಲ್ಲಿ, ಎಷ್ಟು ದೂರದಲ್ಲಿ ಎಂದು ಗುರುತಿಡಿ. ‘ಮರ ಮೊದಲೇ ಸತ್ತಿತ್ತು, ಅಪಾಯಕಾರಿಯಾಗಿತ್ತು’ ಎಂಬ ಕಾಗದ ತಯಾರಾದ ದಿನ ಅದರ ಎದುರು ಇಡಲು ಇನ್ನೊಂದು ಕಾಗದ ಸಾಮಾನ್ಯವಾಗಿ ಯಾರ ಬಳಿಯೂ ಇರುವುದಿಲ್ಲ. ನಿಮ್ಮ ಬಳಿ ಇರುತ್ತದೆ. ಹೊಸ ಸಸಿ ನೆಟ್ಟಿದ್ದರೆ ಅದಕ್ಕೂ ಒಂದು ಪುಟ ಬಿಡಿ, ಮೂರನೇ ಬೇಸಿಗೆಯ ಕಾಲಂ ಖಾಲಿ ಇಟ್ಟು.